ನಿಕ್ಷೇಪದ ಹಣ, ರಾಜ್ಯದ ಉತ್ತರ: ಮುಂಧ್ರಾ ಪ್ರಕರಣದ ಒಂದು ವಿಮರ್ಶೆ

ಯಾವ ರಾಜ್ಯದ ಬೊಕ್ಕಸವೂ ಯಾವ ಕಾಲದಲ್ಲಿಯೂ ಅಪಹಾರದ ಭಯದಿಂದ ಸಂಪೂರ್ಣವಾಗಿ ಮುಕ್ತವಾಗಿರಲಿಲ್ಲ. ಆದುದರಿಂದ ಸಾರ್ವಜನಿಕ ಹಣ ಪೋಲಾಯಿತೆಂಬ ಒಂದೇ ಸಂಗತಿಯಿಂದ ಒಂದು ಸರ್ಕಾರದ ಯೋಗ್ಯತೆಯನ್ನು ತೀರ್ಮಾನಿಸುವುದು ಪೂರ್ಣ ನ್ಯಾಯವಾಗದು. ಪೋಲಾದುದು ಬೆಳಕಿಗೆ ಬಂದ ಮೇಲೆ ಸರ್ಕಾರ ಏನು ಹೇಳಿತು, ಯಾರ ಮುಂದೆ ಹೇಳಿತು, ಎಷ್ಟು ಬೇಗ ಹೇಳಿತು, ಹೇಳಿದ ಮೇಲೆ ಏನು ಮಾಡಿತು ಎಂಬುದನ್ನು ನೋಡಬೇಕು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಣಕಾಸಿನ ಹಗರಣವೆಂದು ಪ್ರಸಿದ್ಧವಾದ, 1957-58ರ ಮುಂಧ್ರಾ ಪ್ರಕರಣವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಕಾಲದ ಸರ್ಕಾರ ಅತ್ಯಂತ ಆದರ್ಶವಾಗಿ ನಡೆದುಕೊಂಡಿತೆಂದು ಹಿರಿಯರು ಹೇಳುವುದುಂಟು. ಅದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ಶ್ರಾವಕನ ವ್ರತಗಳನ್ನೂ ಪ್ರಾಯಶ್ಚಿತ್ತದ ಕ್ರಮವನ್ನೂ ಬಲ್ಲ ನಾವು ಎರಡನ್ನೂ ಬೇರೆ ಬೇರೆಯಾಗಿ ನೋಡಬಲ್ಲೆವು.

ಮೊದಲು ಸಂಗತಿಗಳನ್ನು ಕ್ರಮವಾಗಿ ನೆನಪಿಗೆ ತಂದುಕೊಳ್ಳೋಣ. 1956ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಒಂದು ಸುಗ್ರೀವಾಜ್ಞೆಯ ಮೂಲಕ ದೇಶದ ಜೀವ ವಿಮಾ ವ್ಯವಹಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಆಗ ಸಿ. ಡಿ. ದೇಶಮುಖರು ಹಣಕಾಸು ಸಚಿವರು. ಅದೇ ವರ್ಷದ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳ ವ್ಯವಹಾರವನ್ನು ಒಗ್ಗೂಡಿಸಿ ಭಾರತೀಯ ಜೀವ ವಿಮಾ ನಿಗಮವನ್ನು ಸ್ಥಾಪಿಸಲಾಯಿತು. ಇದಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದೆಂದರೆ, ಖಾಸಗಿ ಮಾಲೀಕರು ವಿಮೆದಾರರ ಹಣವನ್ನು ತಮ್ಮ ಸ್ವಂತ ಉದ್ಯಮಗಳಿಗೆ ತಿರುಗಿಸಿಕೊಳ್ಳುತ್ತಿದ್ದರೆಂಬುದು. ರಾಮಕೃಷ್ಣ ದಾಲ್ಮಿಯಾ ಅವರ ಒಡೆತನದಲ್ಲಿದ್ದ ಭಾರತ್ ಇನ್ಶೂರೆನ್ಸ್ ಕಂಪನಿಯ ವಿಷಯವನ್ನು ಲೋಕಸಭೆಯಲ್ಲಿ ಎತ್ತಿದವರು ಆಳುವ ಪಕ್ಷದವರೇ ಆದ, ಪ್ರಧಾನಮಂತ್ರಿಗಳ ಅಳಿಯಂದಿರಾದ ಫಿರೋಜ್ ಗಾಂಧಿಯವರು.

ಇಲ್ಲಿ ಒಂದು ಮಾತನ್ನು ನಮ್ಮ ಪತ್ರಿಕೆಯಲ್ಲಿ ಮರೆಮಾಚದೆ ಹೇಳುವುದು ಉಚಿತ. 1956ರ ಡಿಸೆಂಬರ್‌ನಲ್ಲಿ ಸರ್ಕಾರ ನೇಮಿಸಿದ ಇನ್ನೊಂದು ವಿಚಾರಣಾ ಆಯೋಗದ ಹೆಸರಿನಲ್ಲಿಯೇ 'ದಾಲ್ಮಿಯಾ-ಜೈನ್ ಕಂಪನಿಗಳು' ಎಂಬ ಮಾತಿತ್ತು. ಆಯೋಗವೊಂದರ ಹೆಸರಿನಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಯಾರೂ ದೋಷಿಗಳಾಗುವುದಿಲ್ಲ; ಅದೇ ಮನೆತನಗಳಿಂದ ಸಾಹಿತ್ಯಕ್ಕೂ ಧರ್ಮಕ್ಕೂ ಸಂದ ಸೇವೆಯನ್ನು ನಾವೆಲ್ಲರೂ ಬಲ್ಲೆವು. ಆದರೂ ಸಾರ್ವಜನಿಕ ಹಣದ ಪ್ರಶ್ನೆ ಅನ್ಯರ ಮನೆಯದು, ನಮ್ಮದಲ್ಲ ಎಂದು ಕುಳಿತುಕೊಳ್ಳುವ ಅಧಿಕಾರ ವ್ಯಾಪಾರವನ್ನೇ ಕುಲವೃತ್ತಿಯಾಗಿಸಿಕೊಂಡ ಸಮಾಜಕ್ಕೆ ಇಲ್ಲವೆಂಬುದು ಈ ಹೆಸರಿನಿಂದ ಸ್ಪಷ್ಟವಾಗುತ್ತದೆ.

ಖಾಸಗಿಯವರ ಕೈಯಲ್ಲಿ ಹಣ ಸುರಕ್ಷಿತವಲ್ಲವೆಂದು ಹೇಳಿ ಹುಟ್ಟಿಕೊಂಡ ನಿಗಮಕ್ಕೆ ಇನ್ನೂ ಹತ್ತು ತಿಂಗಳು ತುಂಬಿರಲಿಲ್ಲ. 1957ರ ಜೂನ್ ತಿಂಗಳಿನಲ್ಲಿ ಅದು ಹರಿದಾಸ ಮುಂಧ್ರಾ ಎಂಬ ಕಲ್ಕತ್ತೆಯ ಉದ್ಯಮಿಗೆ ಸಂಬಂಧಿಸಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿಗಳಿಗೆ ಕೊಂಡಿತು. ಜೆಸ್ಸಪ್, ರಿಚರ್ಡ್‌ಸನ್ ಕ್ರುಡಾಸ್, ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಮೊದಲಾದವು ಆ ಕಂಪನಿಗಳು. ಆಗ ಮುಂಧ್ರಾ ಸಾಲದ ಹೊರೆಯಿಂದ ಕಷ್ಟದಲ್ಲಿದ್ದರು. ನಿಗಮದ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಸಲಹೆ ಕೊಡಲು ಒಂದು ಹೂಡಿಕೆ ಸಮಿತಿ ಇತ್ತು; ಅದನ್ನು ಕೇಳದೆಯೇ ಈ ಖರೀದಿ ನಡೆಯಿತು. ಕಲ್ಕತ್ತೆಯ ಷೇರುಪೇಟೆ ಕುಸಿಯದಂತೆ ಆಸರೆ ಕೊಡುವುದು ಖರೀದಿಯ ಉದ್ದೇಶವಾಗಿತ್ತೆಂದು ಅಧಿಕಾರಿಗಳು ಸಮರ್ಥಿಸಿಕೊಂಡರು. ಪೇಟೆಯ ಧಾರಣೆಗಿಂತ ಹೆಚ್ಚಿನ ಬೆಲೆ ತೆತ್ತು ಕೊಂಡದ್ದೇಕೆ ಎಂಬುದು ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಎತ್ತಿದ ಆಕ್ಷೇಪ. ಕೊಳ್ಳುವವನು ಮಾರುವವನ ಕಷ್ಟವನ್ನು ಅರಿತೂ ಹೆಚ್ಚು ಬೆಲೆ ಕೊಡುವುದು ದಾನವಾದೀತು, ವ್ಯಾಪಾರವಾಗದು. ದಾನವಾದರೋ ಸ್ವಂತ ಹಣದಿಂದ ಮಾಡಬೇಕಾದುದು.

ಈ ಹಣ ಯಾರದು? ತಿಂಗಳ ಸಂಬಳದಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಿ ಕಂತು ಕಟ್ಟಿದ ಗುಮಾಸ್ತರದು, ಉಪಾಧ್ಯಾಯರದು, ಸಣ್ಣ ಅಂಗಡಿಕಾರರದು. ತಾವು ಕಣ್ಣು ಮುಚ್ಚಿದ ಮೇಲೆ ಮನೆಯವರ ಪೋಷಣೆಗೆಂದು ಅವರು ಇಟ್ಟ ನಿಕ್ಷೇಪ ಅದು. ನಮ್ಮ ಆಚಾರ್ಯರು ನಿಕ್ಷೇಪಕ್ಕೆ 'ನ್ಯಾಸ' ಎನ್ನುತ್ತಾರೆ; ಅದಕ್ಕೆ ಸಂಬಂಧಿಸಿದ ದೋಷಕ್ಕೆ 'ನ್ಯಾಸಾಪಹಾರ'ವೆಂದು ಹೆಸರು. ತತ್ತ್ವಾರ್ಥಸೂತ್ರದಲ್ಲಿಯೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಈ ದೋಷದ ಉಲ್ಲೇಖವಿದೆ. ಗಮನಿಸಬೇಕಾದ ಅಂಶವೆಂದರೆ, ಇದನ್ನು ಎಣಿಸಿರುವುದು ಅಚೌರ್ಯವ್ರತದ ಅತಿಚಾರಗಳಲ್ಲಿ ಅಲ್ಲ, ಸತ್ಯವ್ರತದ ಅತಿಚಾರಗಳಲ್ಲಿ.

ಅದೇಕೆಂಬುದು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಿಂದ ತಿಳಿಯುತ್ತದೆ. ಒಬ್ಬನು ತನ್ನ ಹೊನ್ನನ್ನು ಇನ್ನೊಬ್ಬನಲ್ಲಿ ಇರಿಸುತ್ತಾನೆ. ಕಾಲಾಂತರದಲ್ಲಿ ತಾನು ಎಷ್ಟು ಇಟ್ಟಿದ್ದೆನೆಂಬ ಸಂಖ್ಯೆಯನ್ನು ಮರೆತು, ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಅವನು ಪೆಟ್ಟಿಗೆ ಒಡೆಯಲಿಲ್ಲ. ಸುಳ್ಳನ್ನು ತಾನಾಗಿ ಹುಟ್ಟಿಸಲೂ ಇಲ್ಲ. ಕೊಟ್ಟವನ ಮರೆವಿಗೆ ತಲೆಯಾಡಿಸಿದನು, ಅಷ್ಟೆ. ಆದರೂ ಅದು ವ್ರತಕ್ಕೆ ತಗುಲಿದ ಕಲೆ. ಸಾರ್ವಜನಿಕ ಹಣದ ಹಗರಣಗಳಲ್ಲಿ ಸರ್ಕಾರಗಳು ಎಸಗುವ ಅಪರಾಧಗಳಲ್ಲಿ ಬಹುಪಾಲು ಈ ಬಗೆಯವು. ಪ್ರಜೆಗೆ ತಾನು ಎಷ್ಟು ಕೊಟ್ಟೆನೆಂಬುದು ತಿಳಿಯದು. ಯಾವ ಬಾಬ್ತಿಗೆ ಕೊಟ್ಟೆನೆಂಬುದು ನೆನಪಿರದು. ಅವನು ಕೇಳಿದಷ್ಟಕ್ಕೇ ಉತ್ತರ ಹೇಳಿ, ಕೇಳದುದನ್ನು ತನ್ನಲ್ಲಿಯೇ ಇರಿಸಿಕೊಳ್ಳುವ ಸರ್ಕಾರ ನ್ಯಾಸಾಪಹಾರವನ್ನು ಮಾಡಿದಂತೆಯೇ.

ಮುಂಧ್ರಾ ಪ್ರಕರಣದಲ್ಲಿ ಸರ್ಕಾರದ ಮೊದಲ ಉತ್ತರ ಈ ದೋಷದಿಂದ ಪಾರಾಗಲಿಲ್ಲ. 1957ರಲ್ಲಿ ಲೋಕಸಭೆಯಲ್ಲಿ ಮೊದಮೊದಲು ಪ್ರಶ್ನೆಗಳು ಬಂದಾಗ ಪೂರ್ಣ ಸಂಗತಿ ಹೊರಬರಲಿಲ್ಲ. ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ಖರೀದಿಯ ವಿವರಗಳನ್ನೂ ಬೆಲೆಗಳನ್ನೂ ಸದನದ ಮುಂದೆ ಎಳೆಎಳೆಯಾಗಿ ಬಿಡಿಸಿಟ್ಟ ಮೇಲೆಯೇ ವಿಷಯ ವಿಚಾರಣೆಯ ಹಂತಕ್ಕೆ ಬಂದಿತು. ಜೂನ್‌ನಲ್ಲಿ ನಡೆದುದು ಡಿಸೆಂಬರ್‌ವರೆಗೆ ಮರೆಯಲ್ಲಿ ಉಳಿಯಿತು. ಹೊರಗೆ ಬಂದುದೂ ಸರ್ಕಾರದ ಇಚ್ಛೆಯಿಂದಲ್ಲ. ಪ್ರಕರಣವನ್ನು ಹೊಗಳುವವರು ಈ ಆರು ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ವಿಚಾರಣೆಯ ವಿಷಯ. ನಮ್ಮ ಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತದ ಮೊದಲ ಹೆಜ್ಜೆ ಆಲೋಚನಾ, ಅಂದರೆ ಗುರುವಿನ ಮುಂದೆ ತನ್ನ ದೋಷವನ್ನು ಮುಚ್ಚುಮರೆಯಿಲ್ಲದೆ ನಿವೇದಿಸುವುದು. ಮೂಲಾಚಾರ, ಭಗವತೀ ಆರಾಧನೆ ಮುಂತಾದ ಗ್ರಂಥಗಳು ಆ ನಿವೇದನೆಯಲ್ಲಿಯೂ ಹತ್ತು ದೋಷಗಳು ನುಸುಳಬಹುದೆಂದು ಎಚ್ಚರಿಸುತ್ತವೆ. ಗುರುವಿಗೆ ಉಪಕಾರ ಮಾಡಿ ಅವನ ಮನಸ್ಸನ್ನು ಕರಗಿಸಿ ಹೇಳುವುದು ಆಕಂಪಿತ. ಶಿಕ್ಷೆ ಎಷ್ಟು ಲಘುವಾದೀತೆಂದು ಅಂದಾಜು ಮಾಡಿಕೊಂಡು ಹೇಳುವುದು ಅನುಮಾನಿತ. ಇತರರ ಕಣ್ಣಿಗೆ ಬಿದ್ದುದನ್ನು ಮಾತ್ರ ಹೇಳುವುದು ದೃಷ್ಟ. ಸ್ಥೂಲವಾದುದನ್ನಷ್ಟೇ ಹೇಳುವುದು ಬಾದರ. ಅಲ್ಪವಾದುದನ್ನು ಹೇಳಿ ದೊಡ್ಡದನ್ನು ಬಚ್ಚಿಡುವುದು ಸೂಕ್ಷ್ಮ. ಮರೆಯಲ್ಲಿ ಹೇಳುವುದು ಛನ್ನ. ಗದ್ದಲದ ನಡುವೆ ಕೇಳಿಸಿಯೂ ಕೇಳಿಸದಂತೆ ಹೇಳುವುದು ಶಬ್ದಾಕುಲಿತ. ಒಬ್ಬರು ಹೇಳಿದುದರಲ್ಲಿ ನಂಬಿಕೆಯಿಡದೆ ಹಲವರನ್ನು ಕೇಳುತ್ತಾ ಹೋಗುವುದು ಬಹುಜನ. ಅರಿವಿಲ್ಲದವನ ಮುಂದೆ ಹೇಳುವುದು ಅವ್ಯಕ್ತ. ಅದೇ ದೋಷವನ್ನು ತಾನೂ ಮಾಡುವವನ ಮುಂದೆ ಹೇಳುವುದು ತತ್ಸೇವಿ.

ಇವು ಮುನಿಗಳಿಗಾಗಿ ಹೇಳಿದವು, ರಾಜ್ಯಕ್ಕೆ ಹೇಳಿದವಲ್ಲ ಎಂದು ವಿದ್ವಾಂಸರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಆದರೆ ತಪ್ಪನ್ನು ಒಪ್ಪಿಕೊಳ್ಳುವಾಗ ಮನುಷ್ಯನ ಮನಸ್ಸು ಹುಡುಕುವ ಒಳದಾರಿಗಳು ಮುನಿಸಂಘದಲ್ಲಿಯೂ ಮಂತ್ರಿಮಂಡಲದಲ್ಲಿಯೂ ಒಂದೇ. ಎರಡು ಸಾವಿರ ವರ್ಷಗಳ ಸೂಕ್ಷ್ಮ ಪರಿಶೀಲನೆಯಿಂದ ಸಿದ್ಧವಾದ ಈ ಪಟ್ಟಿಗಿಂತ ಉತ್ತಮವಾದ ಅಳತೆಗೋಲನ್ನು ಆಡಳಿತಶಾಸ್ತ್ರದ ಪುಸ್ತಕಗಳಲ್ಲಿ ಕಾಣುವುದು ಕಷ್ಟ.

ಈ ಅಳತೆಯಿಂದ ನೋಡಿದರೆ 1958ರ ವಿಚಾರಣೆ ಬಹಳ ಮೇಲ್ಮಟ್ಟದ್ದು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗವನ್ನು ಜನವರಿಯಲ್ಲಿ ನೇಮಿಸಲಾಯಿತು. ಅವರು ಸರ್ಕಾರದ ಆಶ್ರಿತರಾಗಿರಲಿಲ್ಲ. ಆದುದರಿಂದ ತತ್ಸೇವಿ ದೋಷವಿಲ್ಲ. ಕಾನೂನಿನಲ್ಲಿಯೂ ಲೋಕವ್ಯವಹಾರದಲ್ಲಿಯೂ ಪಳಗಿದವರು; ಅವ್ಯಕ್ತ ದೋಷವಿಲ್ಲ. ವಿಚಾರಣೆ ಬಹಿರಂಗವಾಗಿ ನಡೆಯಿತು, ಛನ್ನ ದೋಷವಿಲ್ಲ. ದೇಶದ ಅಟಾರ್ನಿ ಜನರಲ್ ಎಂ. ಸಿ. ಸೆಟಲ್‌ವಾಡ್ ಅವರು ಆಯೋಗಕ್ಕೆ ನೆರವಾದರು. ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ, ಹಣಕಾಸು ಇಲಾಖೆಯ ಪ್ರಧಾನ ಕಾರ್ಯದರ್ಶಿ ಎಚ್. ಎಂ. ಪಟೇಲ್, ನಿಗಮದ ಉನ್ನತಾಧಿಕಾರಿಗಳು, ರಿಸರ್ವ್ ಬ್ಯಾಂಕಿನ ಗವರ್ನರ್ ಎಲ್ಲರೂ ಬಂದು ಸಾಕ್ಷ್ಯ ನುಡಿದರು. ಅಧಿಕಾರದಲ್ಲಿರುವ ಹಣಕಾಸು ಸಚಿವರೊಬ್ಬರು ಸಾಮಾನ್ಯ ಸಾಕ್ಷಿಯಂತೆ ಪ್ರಶ್ನೆಗಳಿಗೆ ಉತ್ತರ ಹೇಳಿದುದನ್ನು ಜನ ಕಣ್ಣಾರೆ ಕಂಡರು. ಫೆಬ್ರವರಿ 10ರಂದು, ಅಂದರೆ ಒಂದು ತಿಂಗಳು ತುಂಬುವ ಮೊದಲೇ, ವರದಿ ಸಿದ್ಧವಾಯಿತು. ಅದೇ ತಿಂಗಳಿನಲ್ಲಿ ಹಣಕಾಸು ಸಚಿವರು ರಾಜೀನಾಮೆಯಿತ್ತರು. ಫೆಬ್ರವರಿ 28ರಂದು ಆ ವರ್ಷದ ಆಯವ್ಯಯ ಪತ್ರವನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರೇ ಸ್ವತಃ ಮಂಡಿಸಬೇಕಾಯಿತು.

ಬಹಿರಂಗ ವಿಚಾರಣೆಯ ಬಗೆಗೆ ಆಗಲೂ ಭಿನ್ನಾಭಿಪ್ರಾಯವಿತ್ತು. ಸೇರಿದ ಜನಕ್ಕೆ ಸ್ಥಳ ಸಾಲದೆ ಹೊರಗೆ ಧ್ವನಿವರ್ಧಕಗಳನ್ನು ಹಾಕಬೇಕಾಯಿತು. ಇಷ್ಟೊಂದು ಜನಸಂದಣಿಯ ಮುಂದೆ ಗೌರವಸ್ಥರ ಮಾನವನ್ನು ಹರಾಜಿಗಿಡುವುದು ನ್ಯಾಯವೇ, ಇದೇ ಒಂದು ಶಬ್ದಾಕುಲಿತವಲ್ಲವೇ ಎಂದು ಕೇಳುವವರಿರಬಹುದು. ಇದನ್ನು ತಳ್ಳಿಹಾಕುವಂತಿಲ್ಲ, ಪರನಿಂದೆಯಲ್ಲಿ ರುಚಿ ಕಾಣುವುದು ಕೇಳುವವನಿಗೂ ಕರ್ಮಬಂಧಕ್ಕೆ ಕಾರಣ. ಆದರೆ ಶಬ್ದಾಕುಲಿತ ಎಂಬುದು ಹೇಳುವವನು ಗದ್ದಲವನ್ನು ಮರೆಯಾಗಿ ಬಳಸಿಕೊಳ್ಳುವ ದೋಷ. ಧ್ವನಿವರ್ಧಕವಿದ್ದುದು ಮಾತು ಸ್ಪಷ್ಟವಾಗಿ ಕೇಳಿಸಲೆಂದು. ಹಣ ಇಟ್ಟವರ ಸಂಖ್ಯೆ ಲಕ್ಷಗಟ್ಟಲೆ ಇರುವಾಗ, ಅವರು ಕಿವಿಗೊಡಲು ಬಂದುದನ್ನು ಸಂತೆಯ ಕುತೂಹಲವೆಂದು ಹೀಗಳೆಯಲಾಗದು. ತನ್ನ ನಿಕ್ಷೇಪದ ಲೆಕ್ಕ ಓದುವಾಗ ನಿಕ್ಷೇಪಕನು ಹತ್ತಿರ ನಿಂತಿರುವುದು ಅವನ ಹಕ್ಕು.

ವಿಚಾರಣೆಯಲ್ಲಿ ಹೊರಬಿದ್ದ ಅತ್ಯಂತ ಮುಖ್ಯವಾದ ಸಂಗತಿ ನನ್ನ ದೃಷ್ಟಿಯಲ್ಲಿ ಇದು. ನಿಗಮದ ಕಾಯಿದೆಯ ಪ್ರಕಾರ, ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ನೀತಿಯ ವಿಷಯದಲ್ಲಿ ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು. ಆದರೆ ಅದನ್ನು ಬರವಣಿಗೆಯಲ್ಲಿ ಕೊಡಬೇಕು. ಮುಂಧ್ರಾ ಷೇರುಗಳ ಖರೀದಿಗೆ ಅಂತಹ ಲಿಖಿತ ನಿರ್ದೇಶನ ಇರಲಿಲ್ಲ. ಎಲ್ಲವೂ ಬಾಯಿಮಾತಿನಲ್ಲಿ ನಡೆದಿತ್ತು. ಅದರ ಫಲವಾಗಿ, ಸಚಿವರ ಸಮ್ಮತಿಯಿತ್ತೆಂದು ಕಾರ್ಯದರ್ಶಿಯವರು ಹೇಳಿದರು. ತಾವು ಸಮ್ಮತಿಸಿರಲಿಲ್ಲವೆಂದು ಸಚಿವರು ಹೇಳಿದರು. ನಿಗಮದವರು ಮೇಲಿನಿಂದ ಆಜ್ಞೆ ಬಂದಿತ್ತೆಂಬ ಭಾವನೆಯಿಂದ ನಡೆದುಕೊಂಡಿದ್ದರು. ಒಂದೂಕಾಲು ಕೋಟಿ ರೂಪಾಯಿ ಕೈ ಬದಲಾಯಿಸಿದಾಗ 'ಕೊಡು' ಎಂದವರಾರೆಂಬುದಕ್ಕೆ ಒಂದು ಸಾಲಿನ ಆಧಾರವೂ ಇರಲಿಲ್ಲ.

ಕಿರ್ದಿ ಮತ್ತು ಖಾತೆಗಳ ನಡುವೆ ಬದುಕು ಸವೆಸಿದ ನಮ್ಮಂತಹವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಸಣ್ಣ ಊರಿನ ದಿನಸಿ ಅಂಗಡಿಯಲ್ಲಿಯೂ ಚೀಟಿಯಿಲ್ಲದೆ ಮೂಟೆ ಹೊರಗೆ ಹೋಗುವುದಿಲ್ಲ. ಬರೆಯದೆ ಉಳಿಸಿದ್ದು ಮರೆವಿನಿಂದ ಉಳಿದಿರಬಹುದು, ಅವಸರದಿಂದ ಉಳಿದಿರಬಹುದು; ಆದರೆ ದೊಡ್ಡ ಮೊತ್ತ ಬರೆಯದೆ ಉಳಿದರೆ ಅಲ್ಲಿ ಬರೆಯಲು ಹಿಂಜರಿಕೆಯಿತ್ತೆಂದೇ ತಿಳಿಯಬೇಕು. ಶಾಸ್ತ್ರಕಾರರು ಸುಳ್ಳು ಲೇಖ ಬರೆಯುವುದನ್ನು ಕೂಟಲೇಖಕ್ರಿಯೆಯೆಂದು ಕರೆದು ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಬರೆಯಲೇಬೇಕಾದ ಲೇಖವನ್ನು ಬರೆಯದಿರುವುದು ಅದರ ಜೊತೆಹುಟ್ಟು. ಸುಳ್ಳು ಲೇಖವನ್ನಾದರೂ ಪರೀಕ್ಷೆಯಿಂದ ಹಿಡಿಯಬಹುದು. ಇಲ್ಲದ ಲೇಖವನ್ನು ಹಿಡಿಯುವುದು ಹೇಗೆ?

ಛಾಗ್ಲಾ ಅವರು ಈ ತೊಡಕನ್ನು ಬಿಡಿಸಿದ ರೀತಿ ಧರ್ಮಸಮ್ಮತವಾದುದು. ಸಚಿವರು ಸ್ವಂತಕ್ಕೆ ಲಾಭ ಪಡೆದರೆಂದು ಅವರು ಹೇಳಲಿಲ್ಲ. ಆದರೆ ತನ್ನ ಕೈಕೆಳಗಿನವರು ಮಾಡಿದ ಕೆಲಸಕ್ಕೆ ಸಚಿವನು ಪೂರ್ಣ ಹೊಣೆ ಹೊರಬೇಕು, ಅವರ ಹಿಂದೆ ಅಡಗಿಕೊಳ್ಳುವಂತಿಲ್ಲ ಎಂಬ ತತ್ತ್ವವನ್ನು ಸ್ಪಷ್ಟಪಡಿಸಿದರು. ನಿಗಮದ ಹಣ ವಿಮೆದಾರರ ಹಿತಕ್ಕಾಗಿಯೇ ಬಳಕೆಯಾಗಬೇಕು, ಹೊರಗಿನ ಉದ್ದೇಶಕ್ಕೆ ಬಳಸುವುದಾದರೆ ಅದು ದೇಶದ ವಿಶಾಲ ಹಿತಕ್ಕಾಗಿರಬೇಕು ಮತ್ತು ಅದನ್ನು ತಿಳಿಯುವ ಹಕ್ಕು ಜನಕ್ಕಿದೆ, ಸಂಸತ್ತಿಗೆ ಮೊದಲ ಅವಕಾಶದಲ್ಲಿಯೇ ಪೂರ್ಣ ಸಂಗತಿ ತಿಳಿಸಬೇಕು ಎಂಬುವು ಅವರು ಎತ್ತಿಹಿಡಿದ ಇತರ ತತ್ತ್ವಗಳು. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಿಂದಲೂ ಕರ್ಮಾಸ್ರವವಾಗುತ್ತದೆಂದು ಬಾಲ್ಯದಿಂದಲೂ ಕೇಳಿ ಬಂದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ತಾನು ಮಾಡದಿದ್ದರೂ ಮಾಡಿಸಿದವನು, ಮಾಡಿಸದಿದ್ದರೂ ತಡೆಯುವ ಸ್ಥಾನದಲ್ಲಿ ಕುಳಿತು ಒಪ್ಪಿದವನು, ತನ್ನ ಪಾಲನ್ನು ಹೊರಲೇಬೇಕು.

ಇಲ್ಲಿಯವರೆಗೆ ಪ್ರಶಂಸೆಗೆ ಯೋಗ್ಯವಾದುದನ್ನು ಹೇಳಿದ್ದಾಯಿತು. ಇನ್ನು ಕೊರತೆಯ ಭಾಗ. ರಾಜೀನಾಮೆಯನ್ನು ಸ್ವೀಕರಿಸುವಾಗ ನೆಹರೂ ಅವರು ಬರೆದ ಪತ್ರದಲ್ಲಿ, ಈ ವಿಷಯದಲ್ಲಿ ಸಚಿವರ ಪಾತ್ರ ಅತ್ಯಲ್ಪವೆಂದು ತಮಗೆ ಮನವರಿಕೆಯಾಗಿರುವುದಾಗಿ ತಿಳಿಸಿದರು. ಸಹೋದ್ಯೋಗಿಯ ಸಂಕಟದ ಗಳಿಗೆಯಲ್ಲಿ ಅನುಕಂಪೆಯ ಮಾತನ್ನಾಡುವುದು ಸಜ್ಜನರ ಲಕ್ಷಣ. ಆದರೆ ಪ್ರಧಾನಮಂತ್ರಿಯ ಲೇಖನಿಯಿಂದ ಬಂದ ಆ ಮಾತು ಸ್ನೇಹಿತನ ಸಾಂತ್ವನವಾಗಿ ಉಳಿಯದೆ, ಆಯೋಗದ ತೀರ್ಮಾನಕ್ಕೆ ರಾಜ್ಯವೇ ಬರೆದ ಅಡಿಟಿಪ್ಪಣಿಯಾಯಿತು. ಹೊಣೆ ಪೂರ್ಣವೆಂದು ನ್ಯಾಯಮೂರ್ತಿಗಳು ಹೇಳಿದುದನ್ನು, ಪಾತ್ರ ಅಲ್ಪವೆಂದು ಸರ್ಕಾರ ತಿದ್ದಿದಂತಾಯಿತು. ಸ್ನೇಹಿತನ ದುಃಖಕ್ಕೆ ಕಾರುಣ್ಯ, ತಪ್ಪಿನ ತೂಕಕ್ಕೆ ಮಾಧ್ಯಸ್ಥ್ಯ: ಈ ಎರಡು ಭಾವನೆಗಳನ್ನು ನಮ್ಮ ಆಚಾರ್ಯರು ಬೇರೆ ಬೇರೆಯಾಗಿ ಹೇಳಿರುವುದು ಇಂತಹ ಸಂದರ್ಭಕ್ಕಾಗಿಯೇ ಇರಬೇಕು. ತಕ್ಕಡಿ ಹಿಡಿದವನು ಮರುಕಪಡಬಾರದೆಂದಲ್ಲ. ಮರುಕವನ್ನು ತಟ್ಟೆಯೊಳಗೆ ಇಡಬಾರದು.

ಆಮೇಲಿನ ಇತಿಹಾಸವನ್ನೂ ನೋಡಬೇಕು. ಅಧಿಕಾರಿಗಳ ನಡತೆಯನ್ನು ಕುರಿತು ವಿವಿಯನ್ ಬೋಸ್ ಅವರ ನೇತೃತ್ವದಲ್ಲಿ ಮತ್ತೊಂದು ವಿಚಾರಣೆ ನಡೆಯಿತು. ಕೃಷ್ಣಮಾಚಾರಿಯವರು 1962ರಲ್ಲಿ ಮತ್ತೆ ಮಂತ್ರಿಮಂಡಲ ಸೇರಿ, 1963ರಲ್ಲಿ ಪುನಃ ಹಣಕಾಸು ಸಚಿವರಾದರು. ಎಚ್. ಎಂ. ಪಟೇಲರು ರಾಜಕೀಯಕ್ಕೆ ಬಂದು 1977ರಲ್ಲಿ ಜನತಾ ಸರ್ಕಾರದ ಹಣಕಾಸು ಸಚಿವರಾದರು. ಇಬ್ಬರೂ ಸಮರ್ಥರೆಂಬುದರಲ್ಲಿ ಸಂದೇಹವಿಲ್ಲ. ಒಮ್ಮೆ ತಪ್ಪಿದವನು ಎಂದೆಂದಿಗೂ ಹೊರಗಿರಬೇಕೆಂದು ನಮ್ಮ ಧರ್ಮ ಹೇಳುವುದೂ ಇಲ್ಲ. ಪ್ರಾಯಶ್ಚಿತ್ತದ ಒಂಬತ್ತು ಬಗೆಗಳಲ್ಲಿ ದೀಕ್ಷಾಕಾಲವನ್ನು ಕಡಿತಗೊಳಿಸುವ ಛೇದವೂ, ಸಂಘದಿಂದ ಕೆಲಕಾಲ ದೂರವಿರಿಸುವ ಪರಿಹಾರವೂ, ಮರಳಿ ದೀಕ್ಷೆಯಲ್ಲಿ ನಿಲ್ಲಿಸುವ ಉಪಸ್ಥಾಪನೆಯೂ ಇವೆ. ಮರಳಿ ಬರುವ ದಾರಿ ತೆರೆದೇ ಇದೆ. ಆದರೆ ಆ ದಾರಿ ಆಲೋಚನಾದ ಮೂಲಕ ಹಾದು ಬರಬೇಕು. ಪಾತ್ರ ಅತ್ಯಲ್ಪವೆಂಬ ಪ್ರಮಾಣಪತ್ರ ಮೊದಲೇ ಕೈಯಲ್ಲಿದ್ದರೆ ಮರಳಿಕೆ ಪ್ರಾಯಶ್ಚಿತ್ತದ ಫಲವಾಗದೆ, ಕಾಲ ಕಳೆದುದರ ಫಲವಾಗುತ್ತದೆ. ಜನರ ಮರೆವನ್ನು ಋಣಮುಕ್ತಿಯೆಂದು ತಿಳಿಯುವುದು ಮತ್ತೆ ಅದೇ ನ್ಯಾಸಾಪಹಾರ.

ಇಷ್ಟೆಲ್ಲ ಕೊರತೆಗಳಿದ್ದರೂ ಅಂದಿನ ಉತ್ತರ ಎಷ್ಟು ಎತ್ತರದಲ್ಲಿತ್ತೆಂದು ತಿಳಿಯಬೇಕಾದರೆ ನಂತರದ ಒಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಬೇಕು. ಬಿಹಾರದ ಪಶುಸಂಗೋಪನಾ ಇಲಾಖೆಯಲ್ಲಿ ಮೇವು, ಔಷಧ ಮುಂತಾದವುಗಳ ಹೆಸರಿನಲ್ಲಿ ಸುಳ್ಳು ಬಿಲ್ಲುಗಳನ್ನು ಸೃಷ್ಟಿಸಿ ಖಜಾನೆಗಳಿಂದ ಹಣ ತೆಗೆದುದು 1996ರ ಜನವರಿಯಲ್ಲಿ ಚೈಬಾಸಾ ಖಜಾನೆಯ ತಪಾಸಣೆಯಿಂದ ಬಯಲಾಯಿತು. ರಾಜ್ಯ ಸರ್ಕಾರ ತನ್ನದೇ ವಿಚಾರಣೆ ಸಾಕೆಂದು ವಾದಿಸಿತು. ಪಾಟ್ನಾ ಹೈಕೋರ್ಟು ಸಿಬಿಐ ತನಿಖೆಗೆ ಆಜ್ಞೆ ಮಾಡಿದಾಗ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ 1996ರ ಮಾರ್ಚ್‌ನಲ್ಲಿ ಅದರ ವಾದ ನಿಲ್ಲಲಿಲ್ಲ. ತನ್ನ ದೋಷವನ್ನು ತನ್ನ ಮನೆಯೊಳಗೇ ಹೇಳಿಕೊಳ್ಳುತ್ತೇನೆಂಬ ಆ ಹಟ ತತ್ಸೇವಿ ದೋಷದ ಸ್ಪಷ್ಟ ಉದಾಹರಣೆ. 1997ರ ಜುಲೈನಲ್ಲಿ ಮುಖ್ಯಮಂತ್ರಿ ಲಾಲು ಪ್ರಸಾದರು ರಾಜೀನಾಮೆಯಿತ್ತರು. ಅವರ ಪತ್ನಿಯವರು ಆ ಸ್ಥಾನಕ್ಕೆ ಬಂದರು. ಚೈಬಾಸಾ ಖಜಾನೆಯ ಸುಮಾರು 37 ಕೋಟಿ 70 ಲಕ್ಷ ರೂಪಾಯಿಗಳ ಒಂದು ಪ್ರಕರಣದಲ್ಲಿ ಅವರು ದೋಷಿಯೆಂದು ವಿಚಾರಣಾ ನ್ಯಾಯಾಲಯ ತೀರ್ಮಾನಿಸಿದುದು 2013ರ ಸೆಪ್ಟೆಂಬರ್ 30ರಂದು. ಬಯಲಾದ ದಿನದಿಂದ 17 ವರ್ಷಗಳ ಮೇಲೆ.

ಆಯೋಗದ ವರದಿಗೂ ಕ್ರಿಮಿನಲ್ ನ್ಯಾಯಾಲಯದ ತೀರ್ಪಿಗೂ ಸಾಕ್ಷ್ಯದ ಮಟ್ಟ ಬೇರೆ, ಕ್ರಮ ಬೇರೆ. ಆದುದರಿಂದ 24 ದಿನಗಳನ್ನೂ 17 ವರ್ಷಗಳನ್ನೂ ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೆ ಎರಡು ಸರ್ಕಾರಗಳ ಮೊದಲ ಪ್ರವೃತ್ತಿಯನ್ನು ಹೋಲಿಸಬಹುದು. ಒಂದು ಸರ್ಕಾರ ತಡವಾಗಿಯಾದರೂ ಹೊರಗಿನ ನ್ಯಾಯಮೂರ್ತಿಗಳ ಮುಂದೆ ತನ್ನ ಸಚಿವರನ್ನು ನಿಲ್ಲಿಸಿತು. ಇನ್ನೊಂದು, ಹೊರಗಿನವರು ಒಳಗೆ ಬರದಂತೆ ಬಾಗಿಲಿಗೆ ಅಗುಳಿ ಹಾಕಲು ಹೊರಟಿತು. ಹಣದ ಮೊತ್ತಕ್ಕಿಂತ ಈ ಪ್ರವೃತ್ತಿಯ ಭೇದವೇ ಹೆಚ್ಚು ಚಿಂತನೀಯ. ನಮ್ಮ ಕಾಲದಲ್ಲಿ ಹಗರಣಗಳು ಹೊರಬಿದ್ದಾಗ ಆಳುವವರು ಕೊಡುವ ಉತ್ತರವೆಂದರೆ ಹಿಂದಿನವರ ಆಳ್ವಿಕೆಯಲ್ಲಿ ಇದಕ್ಕಿಂತ ಹೆಚ್ಚು ನಡೆದಿತ್ತೆಂಬುದು. ಎದುರಾಳಿಯ ದೋಷವನ್ನು ತನ್ನ ದೋಷಕ್ಕೆ ವಜಾ ಹಾಕಿಕೊಳ್ಳುವ ಈ ಲೆಕ್ಕಪದ್ಧತಿಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಕರ್ಮಸಿದ್ಧಾಂತವಂತೂ ಒಪ್ಪುವುದೇ ಇಲ್ಲ. ಅವರವರ ಬಂಧ ಅವರವರಿಗೆ.

ಈ ವಿಮರ್ಶೆಯನ್ನು ದೆಹಲಿ, ಪಾಟ್ನಾಗಳಿಗೆ ಮುಗಿಸಿ ನಾವು ನಿಶ್ಚಿಂತರಾಗುವುದು ಸಲ್ಲದು. ನಮ್ಮ ಬಸದಿಗಳ, ಮಠಗಳ, ವಿದ್ಯಾರ್ಥಿನಿಲಯಗಳ ಟ್ರಸ್ಟುಗಳು ಕೂಡ ನ್ಯಾಸವನ್ನೇ ಕಾಯುತ್ತಿವೆ. ಹೆಸರು ಹೇಳದೆ ಕಾಣಿಕೆ ಹಾಕಿದ ವೃದ್ಧೆ ಎಷ್ಟು ಹಾಕಿದಳೆಂಬುದನ್ನು ಮರೆತಿರುತ್ತಾಳೆ. ಲೆಕ್ಕ ಕೇಳಲು ಅವಳು ಎಂದೂ ಬರುವುದಿಲ್ಲ. ಕೇಳದವರಿಗೂ ಲೆಕ್ಕ ಒಪ್ಪಿಸುವುದೇ ಟ್ರಸ್ಟಿಯ ಧರ್ಮ. ಪಂಚಕಲ್ಯಾಣದ ಖರ್ಚನ್ನು 'ಇತರೆ' ಎಂಬ ಒಂದು ಶಿರೋನಾಮೆಯಲ್ಲಿ ಮುಗಿಸುವುದು, ಅಧ್ಯಕ್ಷರ ಬಾಯಿಮಾತಿನ ಮೇಲೆ ಗುತ್ತಿಗೆ ಕೊಡುವುದು, ಸಭೆಯ ಗದ್ದಲದ ನಡುವೆ ವರದಿ ಓದಿ ಅಂಗೀಕಾರ ಪಡೆಯುವುದು ಇವೆಲ್ಲ ನಮ್ಮಲ್ಲಿ ಅಪರಿಚಿತವಾದ ಪದ್ಧತಿಗಳೇನಲ್ಲ. ಹಣ ತಿಂದವರು ಇಲ್ಲದಿರಬಹುದು. ಬಹುಪಾಲು ಕಡೆಗಳಲ್ಲಿ ಇಲ್ಲವೆಂದೇ ನನ್ನ ನಂಬಿಕೆ. ಆದರೆ ಮುಂಧ್ರಾ ಪ್ರಕರಣದಲ್ಲಿಯೂ ಸಚಿವರು ಹಣ ತಿಂದರೆಂದು ಯಾರೂ ತೀರ್ಮಾನಿಸಲಿಲ್ಲ. ಬರೆಯದ ಆಜ್ಞೆ, ಕೇಳದ ಸಮಿತಿ, ತಡವಾದ ಉತ್ತರ ಈ ಮೂರೇ ಒಂದು ಸರ್ಕಾರವನ್ನು ಅಲುಗಾಡಿಸಲು ಸಾಕಾದವು.

ಇನ್ನೊಂದು ಮಾತು. ಸರ್ಕಾರದ ಹಣ ನಮ್ಮ ಕ್ಷೇತ್ರಗಳಿಗೂ ಬರುತ್ತದೆ. ಶ್ರವಣಬೆಳಗೊಳದ 2018ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಯಾತ್ರಿಕರ ಅನುಕೂಲಕ್ಕಾಗಿ ರಾಜ್ಯ ಸರ್ಕಾರ ಅನುದಾನ ಒದಗಿಸಿತು. ಲಕ್ಷಾಂತರ ಯಾತ್ರಿಕರು ಸೇರುವ ಸ್ಥಳದಲ್ಲಿ ರಸ್ತೆ, ನೀರು, ನೈರ್ಮಲ್ಯಗಳಿಗೆ ರಾಜ್ಯ ಖರ್ಚು ಮಾಡುವುದು ಅದರ ಕರ್ತವ್ಯವೇ. ಆದರೆ ಅಪರಿಗ್ರಹದ ಮೂರ್ತಿಯಾದ ಬಾಹುಬಲಿಯ ಹೆಸರಿನಲ್ಲಿ ಸಾರ್ವಜನಿಕ ಹಣ ಖರ್ಚಾಗುವಾಗ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವರು ನಾವೇ. ಇತರ ಸಮಾಜದವರು ಕೇಳಿದ ಮೇಲೆ ಉತ್ತರ ಹುಡುಕುವುದು ದೃಷ್ಟ ದೋಷವಾಗುತ್ತದೆ.

ಆದುದರಿಂದ ಟ್ರಸ್ಟುಗಳ ಆಡಳಿತ ಮಂಡಳಿಗಳಲ್ಲಿರುವ ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಖರ್ಚಿನ ಪ್ರತಿಯೊಂದು ಆಜ್ಞೆಯೂ ಬರವಣಿಗೆಯಲ್ಲಿರಲಿ, ಅದರ ಕೆಳಗೆ ಆಜ್ಞೆ ಕೊಟ್ಟವರ ಸಹಿಯಿರಲಿ. ಸಮಿತಿಯಿದ್ದರೆ ಅದನ್ನು ಕೇಳಿಯೇ ಮುಂದುವರಿಯಲಿ. ವಾರ್ಷಿಕ ಲೆಕ್ಕವನ್ನು ಬಸದಿಯ ಪ್ರಾಕಾರದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ತೂಗುಹಾಕಲಿ. ದೋಷ ಕಂಡುಬಂದಾಗ ಪರಿಶೀಲನೆಯನ್ನು ಮಂಡಳಿಯ ಹೊರಗಿನವರಿಗೆ ಒಪ್ಪಿಸಲಿ, ಮತ್ತು ತಿಂಗಳೊಳಗೆ ಫಲಿತಾಂಶವನ್ನು ಸಭೆಯ ಮುಂದಿಡಲಿ. ಪರ್ಯುಷಣದ ಕೊನೆಯಲ್ಲಿ ನಾವು ಸಕಲ ಜೀವರಾಶಿಯ ಕ್ಷಮೆಯನ್ನು ಬೇಡುತ್ತೇವೆ. ಆ ಜೀವರಾಶಿಯಲ್ಲಿ ನಮ್ಮಲ್ಲಿ ಹಣ ಇಟ್ಟವರೂ ಸೇರಿದ್ದಾರೆ. ಅವರ ಕ್ಷಮೆಯನ್ನು ಬೇಡುವ ಮೊದಲು ಅವರ ಲೆಕ್ಕವನ್ನು ಅವರ ಕೈಗೆ ಕೊಟ್ಟಿರಬೇಕು.